ಗ್ಲೌಸ್ ಹಾಕುವ ಕೈಗೆ ಯಾವ ಉಂಗುರ?

ಪ್ರಶ್ನೆ: ನಾನು ದಂತವೈದ್ಯೆ, ಹುಬ್ಬಳ್ಳಿಯಲ್ಲಿ ಸ್ವಂತ ಕ್ಲಿನಿಕ್ ಇದೆ. ಎರಡು ತಿಂಗಳಲ್ಲಿ ನಿಶ್ಚಿತಾರ್ಥ. 40 ಸೆಂಟಿನ (0.08 ಗ್ರಾಂ ತೂಕದ) ದುಂಡು ವಜ್ರವೊಂದನ್ನು ಸರ್ಟಿಫಿಕೇಟ್ ಸಮೇತ ಕೊಂಡಾಗಿದೆ, ಬಣ್ಣ ‘ಜೆ’. ಈಗ ಉಂಗುರ ಮಾಡಿಸಬೇಕು. ನನಗೆ ಬಿಳಿ ಚಿನ್ನದಲ್ಲಿ ಎತ್ತರವಾಗಿ ನಿಂತ ಒಂಟಿ ಹರಳು ಇಷ್ಟ, ಹುಡುಗನಿಗೆ ಸುತ್ತ ಸಣ್ಣ ವಜ್ರಗಳಿರುವ ಹೇಲೋ ಇಷ್ಟ, ಅಮ್ಮನಿಗೆ 22 ಕ್ಯಾರೆಟ್‌ಗಿಂತ ಕಡಿಮೆ ಚಿನ್ನ ಬೇಡವೇ ಬೇಡ. ದಿನಕ್ಕೆ ಇಪ್ಪತ್ತು ಸಲ ಗ್ಲೌಸ್ ಹಾಕಿ ತೆಗೆಯುತ್ತೇನೆ, ಬೆಳಿಗ್ಗೆ ರೊಟ್ಟಿಯನ್ನೂ ನಾನೇ ಬಡಿಯುತ್ತೇನೆ. ಹುಡುಗ ಕಾರ್ಖಾನೆಯಲ್ಲಿ ಎಂಜಿನಿಯರ್, ಅವನಿಗೂ ಒಂದು ಉಂಗುರ ಆಗಬೇಕು. ಇಬ್ಬರಿಗೂ ಯಾವ ಸೆಟ್ಟಿಂಗ್ ಹೊಂದುತ್ತದೆ?

ಉತ್ತರ: ತೀರ್ಮಾನ ಮೊದಲು ಹೇಳಿಬಿಡೋಣ, ಕಾರಣ ಆಮೇಲೆ. ನಿಮ್ಮ ವಜ್ರವನ್ನು 18 ಕ್ಯಾರೆಟ್ ಹಳದಿ ಚಿನ್ನದಲ್ಲಿ, ಬೆರಳಿಗೆ ಆದಷ್ಟೂ ತಗ್ಗಾಗಿ, ಪೂರ್ತಿ ಬೆಜೆಲ್ ಸೆಟ್ಟಿಂಗ್‌ನಲ್ಲಿ ಕೂರಿಸಿ. ಬೆಜೆಲ್ ಎಂದರೆ ಹರಳಿನ ಸುತ್ತಲೂ ಚಿನ್ನದ ತೆಳು ಗೋಡೆ ಎಬ್ಬಿಸಿ, ಅದರ ಅಂಚನ್ನು ಹರಳಿನ ಮೇಲೆ ಒತ್ತಿ ಮಡಿಸುವ ಕಟ್ಟು. ಉಂಗುರದ ಪಟ್ಟಿ ನುಣುಪಾಗಿರಲಿ, ಅದರ ಮೇಲೆ ಸಣ್ಣ ಹರಳು ಬೇಡ. ಹುಡುಗನಿಗೆ ಚಿನ್ನದೊಳಗೇ ಹರಳು ಹುದುಗಿರುವ ಫ್ಲಶ್ ಸೆಟ್ಟಿಂಗ್‌ನ ಪಟ್ಟಿ ಸಾಕು.

ಆದರೆ ಸೆಟ್ಟಿಂಗ್‌ಗಿಂತ ಮೊದಲು ಇನ್ನೊಂದು ವಿಷಯ ಇತ್ಯರ್ಥವಾಗಬೇಕು. ಎಷ್ಟೇ ತಗ್ಗಾಗಿ ಕೂರಿಸಿದರೂ ಹರಳಿನ ಉಂಗುರ ರೋಗಿಯ ಬಾಯಿಗೆ ಹೋಗುವ ಕೈಯಲ್ಲಿ ಇರಬಾರದು. ಆರೋಗ್ಯ ಸೇವೆಯಲ್ಲಿರುವವರು ಕೆಲಸದ ವೇಳೆ ಉಂಗುರ ಹಾಕದಿರುವುದೇ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈ ಶುಚಿತ್ವದ ಮಾರ್ಗಸೂಚಿ ಹೇಳುತ್ತದೆ. ಸಾಮಾನ್ಯ ಆರೈಕೆಯ ಹೊತ್ತಿನಲ್ಲಿ ಸಾದಾ ಮದುವೆಯುಂಗುರಕ್ಕೆ ಅದು ಸ್ವಲ್ಪ ವಿನಾಯಿತಿ ಕೊಟ್ಟರೂ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅದೂ ಇಲ್ಲ. ಚಿನ್ನದ ದೃಷ್ಟಿಯಿಂದ ನೋಡಿದರೂ ನಿಮ್ಮ ಕ್ಲಿನಿಕ್ ಒಳ್ಳೆಯ ಜಾಗವಲ್ಲ. ರೂಟ್ ಕೆನಾಲ್ ತೊಳೆಯಲು ಬಳಸುವ ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚ್‌ನದೇ ಜಾತಿ. ಅದರಲ್ಲಿರುವ ಕ್ಲೋರಿನ್ ಚಿನ್ನಕ್ಕೆ ಬೆರೆಸಿದ ಬೇರೆ ಲೋಹಗಳನ್ನೂ ಬೆಸುಗೆಯ ಜಾಗಗಳನ್ನೂ ಮೆಲ್ಲಗೆ ತಿನ್ನುತ್ತದೆ. ನಿಕಲ್ ಬೆರೆಸಿದ ಬಿಳಿ ಚಿನ್ನದಲ್ಲಂತೂ ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಒಂದು ದಿನ ಪ್ರಾಂಗ್, ಅಂದರೆ ಹರಳನ್ನು ಹಿಡಿದಿರುವ ಕೊಕ್ಕೆಯಂಥ ಕಡ್ಡಿ, ಲಟಕ್ಕನೆ ಮುರಿಯುತ್ತದೆ. ಬೆಳ್ಳಿ ಬಣ್ಣದ ಅಮಾಲ್ಗಮ್ ಫಿಲ್ಲಿಂಗ್ ಇನ್ನೂ ಮಾಡುತ್ತಿದ್ದರೆ ಪಾದರಸದ ಅಪಾಯವೂ ಉಂಟು. ಪಾದರಸ ತಾಗಿದ ಚಿನ್ನ ಅದನ್ನು ಹೀರಿಕೊಂಡು ಬೆಳ್ಳಗಾಗುತ್ತದೆ, ಆ ಜಾಗ ಪೆಡಸಾಗುತ್ತದೆ, ಎಷ್ಟು ಉಜ್ಜಿದರೂ ಕಲೆ ಹೋಗುವುದಿಲ್ಲ.

ಹಾಗಾಗಿ ನಿಮ್ಮದು ಇಡೀ ದಿನ ಬೆರಳಲ್ಲಿರುವ ಉಂಗುರವಲ್ಲ, ದಿನಕ್ಕೆ ನಾಲ್ಕಾರು ಸಲ ತೆಗೆದು ಹಾಕುವ ಉಂಗುರ. ಇಂಥ ಉಂಗುರ ಒಡೆಯುವುದಕ್ಕಿಂತ ಕಳೆದುಹೋಗುವುದೇ ಹೆಚ್ಚು. ಏಪ್ರನ್ ಜೇಬಿಗೆ ಹಾಕಿದರೆ ಬಟ್ಟೆ ಒಗೆಯುವ ಮೆಷಿನ್ ಸೇರುತ್ತದೆ. ಮರೆತು ಬೆರಳಲ್ಲೇ ಬಿಟ್ಟರೆ ಬೆವೆತ ಕೈಯಿಂದ ಗ್ಲೌಸ್ ಎಳೆಯುವಾಗ ಅದರೊಳಗೇ ಜಾರಿ, ಗ್ಲೌಸ್ ಜೊತೆ ಕ್ಲಿನಿಕ್ ಕಸದ ಕೆಂಪು ಚೀಲಕ್ಕೆ ಹೋಗುತ್ತದೆ. ಆ ಚೀಲ ಸಂಜೆ ಕ್ಲಿನಿಕ್ ಬಿಟ್ಟಿತೆಂದರೆ ಮುಗಿಯಿತು. ಕ್ಲಿನಿಕ್‌ನಲ್ಲಿ ಬೀಗವಿರುವ ಡ್ರಾಯರ್‌ನಲ್ಲಿ ಮುಚ್ಚಳದ ಡಬ್ಬಿಯೊಂದನ್ನು ಇದಕ್ಕೆಂದೇ ಇಟ್ಟುಬಿಡಿ. ಕೊರಳ ಸರಕ್ಕೆ ಪೋಣಿಸಿಕೊಳ್ಳುವ ಅಭ್ಯಾಸವೂ ಒಳ್ಳೆಯದೇ, ಸರ ಗಟ್ಟಿಯಿದ್ದು ಕೊಂಡಿ ಸರಿಯಾಗಿ ಹಿಡಿಯುವಂತಿದ್ದರೆ. ಪಟ್ಟಿ ನುಣುಪಾಗಿರಲಿ ಎಂದದ್ದು ಅರ್ಧ ಇದಕ್ಕೇ: ಎಲ್ಲಿಟ್ಟರೂ ಏನಕ್ಕೂ ಸಿಕ್ಕಿಕೊಳ್ಳುವುದಿಲ್ಲ.

ಈಗ ನಿಮ್ಮ ಮೆಚ್ಚಿನ ಎತ್ತರದ ಪ್ರಾಂಗ್ ಉಂಗುರಕ್ಕೆ ಬರೋಣ. ಅದರ ಚೆಲುವಿನ ಬಗ್ಗೆ ತಕರಾರಿಲ್ಲ. ಆರು ಪ್ರಾಂಗ್‌ಗಳ ಮೇಲೆ ಹರಳನ್ನು ಪಟ್ಟಿಯಿಂದ ಎತ್ತಿ ನಿಲ್ಲಿಸುವ ವಿನ್ಯಾಸವನ್ನು ಅಮೆರಿಕದ ಟಿಫಾನಿ ಕಂಪನಿ 1886ರಲ್ಲಿ ತಂದಿತು. ಇವತ್ತು ನಿಶ್ಚಿತಾರ್ಥದ ಉಂಗುರ ಎಂದೊಡನೆ ಕಣ್ಣೆದುರು ಬರುವ ಚಿತ್ರ ಅದೇ. ಆದರೆ ಅಷ್ಟು ದೊಡ್ಡ ಕೆಲಸವನ್ನು ಎಷ್ಟು ಸಣ್ಣ ಜಾಗ ಮಾಡುತ್ತಿದೆ ನೋಡಿ. ವಜ್ರದ ಅತಿ ಅಗಲದ ಭಾಗ, ಅಂದರೆ ಅದರ ಸೊಂಟ, ಪ್ರಾಂಗ್‌ನಲ್ಲಿ ಕೊರೆದ ಒಂದು ಕಚ್ಚಿನಲ್ಲಿ ಕೂತಿರುತ್ತದೆ. ಕಚ್ಚಿನ ಮೇಲಿನ ತುದಿಯನ್ನು ಹರಳಿನ ಮೇಲೆ ಬಾಗಿಸಿರುತ್ತಾರೆ. ಕಚ್ಚು ಪ್ರಾಂಗ್‌ನ ದಪ್ಪದ ಮೂರನೇ ಒಂದು ಭಾಗದಷ್ಟಿರಬೇಕು. ಅವಸರದ ಕೈ ಅದನ್ನು ಅರ್ಧದಾಚೆಗೆ ಕೊರೆದುಬಿಟ್ಟರೆ ಪ್ರಾಂಗ್ ಹೊರಗಿನಿಂದ ದಷ್ಟಪುಷ್ಟವಾಗಿ ಕಂಡರೂ ಒಳಗೆ ಹುಲ್ಲುಕಡ್ಡಿ. ನಾಲ್ಕೇ ಪ್ರಾಂಗ್ ಇದ್ದು ಒಂದು ಹೋದರೆ ಹರಳೂ ಹೋದಂತೆಯೇ. ಆರಿದ್ದರೆ ಒಂದು ಹೋದದ್ದು ಗಮನಕ್ಕೆ ಬರುವವರೆಗಾದರೂ ಹರಳು ನಿಲ್ಲುತ್ತದೆ.

ಪ್ರಾಂಗ್ ಒಂದೇ ಪೆಟ್ಟಿಗೆ ಮುರಿಯುವುದು ಕಡಿಮೆ. ಸೀರೆಯ ಜರಿ ಎಳೆ, ಒದ್ದೆ ಕೂದಲು, ಬ್ಯಾಗಿನ ಜಿಪ್ಪು, ಟವೆಲಿನ ನೂಲು ಒಂದೊಂದೂ ಅದರ ತುದಿಯನ್ನು ಕೂದಲೆಳೆಯಷ್ಟು ಎತ್ತುತ್ತವೆ. ಎತ್ತಿದ ತುದಿ ಇನ್ನಷ್ಟು ಬೇಗ ಸಿಕ್ಕಿಕೊಳ್ಳುತ್ತದೆ. ಅತ್ತ ವರ್ಷಗಟ್ಟಲೆ ಉಜ್ಜಿ ತುದಿ ಸವೆದು ಕಾಗದದಂತಾಗುತ್ತದೆ. ಆಗ ಅದರ ಮೇಲೆ ಹೊಸ ಚಿನ್ನ ಬೆಸೆದು ಗುಂಡು ಮಾಡಿಸಬೇಕು, ಅದಕ್ಕೆ ರೀಟಿಪ್ಪಿಂಗ್ ಎನ್ನುತ್ತಾರೆ. ಪ್ರಾಂಗ್ ಉಂಗುರ ಕೊಂಡವರು ವರ್ಷಕ್ಕೊಮ್ಮೆ ಅಕ್ಕಸಾಲಿಗರ ಲೂಪ್ ಎಂಬ ಭೂತಗನ್ನಡಿಯ ಕೆಳಗೆ ತೋರಿಸಲೇಬೇಕು. ಮನೆಯಲ್ಲಿ ತಿಂಗಳಿಗೊಮ್ಮೆ ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿ. ಸಣ್ಣಗೆ ‘ಟಿಕ್ ಟಿಕ್’ ಎಂದರೆ ಹರಳು ಅಲುಗಾಡುತ್ತಿದೆ, ಅಂದೇ ತೆಗೆದಿಡಿ. ಇದನ್ನೆಲ್ಲ ಕೇಳಿಯೂ ನಿಮಗೆ ಪ್ರಾಂಗೇ ಬೇಕೆನಿಸಿದರೆ ಆರು ಪ್ರಾಂಗ್, ಪ್ರತಿಯೊಂದೂ ಸುಮಾರು 1 ಮಿಲಿಮೀಟರ್ ದಪ್ಪ, ತುದಿ ಗುಂಡಗೆ, ಹರಳು ತಗ್ಗಾಗಿ ಎಂದು ಹೇಳಿ ಮಾಡಿಸಿ. ಚೂಪು ತುದಿಯ ‘ಕ್ಲಾ’ ಪ್ರಾಂಗ್ ಈಗ ಫ್ಯಾಷನ್. ರೊಟ್ಟಿ ಬಡಿಯುವ ಕೈಗೆ ಅದನ್ನು ಸೂಚಿಸಲಾರೆವು.

ಎತ್ತರವೆಂದರೆ ಎಷ್ಟು? 40 ಸೆಂಟಿನ ದುಂಡು ವಜ್ರದ ಅಗಲ ಸುಮಾರು 4.8 ಮಿಲಿಮೀಟರ್, ಆಳ ಅದರ ಶೇ. 60ರ ಆಸುಪಾಸು, ಅಂದರೆ 2.9 ಮಿಲಿಮೀಟರ್. ಕೆಳಗಿನ ಚೂಪು ತುದಿ ಬೆರಳಿಗೆ ತಾಗದಂತೆ ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಬಿಟ್ಟರೂ ಒಟ್ಟು 4 ಮಿಲಿಮೀಟರ್ ದಾಟಬೇಕಿಲ್ಲ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಮಿಂಚುವ ಎತ್ತರದ ಉಂಗುರಗಳು ಇದೇ ಹರಳನ್ನು 6-7 ಮಿಲಿಮೀಟರ್ ಎತ್ತರಕ್ಕೆ ನಿಲ್ಲಿಸಿರುತ್ತವೆ. ಆ ಹೆಚ್ಚಿನ ಎರಡು ಮೂರು ಮಿಲಿಮೀಟರ್ ಬಾಗಿಲ ಚೌಕಟ್ಟಿಗೆ, ಡ್ರಾಯರ್ ಅಂಚಿಗೆ ಬಡಿಯುವ ಭಾಗ. ವಜ್ರ ಗೀಚಲು ಕಠಿಣ, ನಿಜ. ಒಡೆಯಲು ಅಷ್ಟೇನೂ ಕಠಿಣವಲ್ಲ. ಅದರ ಒಳಗೆ ಸೀಳುವ ದಿಕ್ಕುಗಳಿವೆ, ಸೊಂಟದ ಅಂಚಿಗೆ ಸರಿಯಾದ ಕೋನದಲ್ಲಿ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ. ಬೆಜೆಲ್ ಈ ಅಂಚನ್ನೇ ಸುತ್ತಲೂ ಮುಚ್ಚುತ್ತದೆ. ದುಂಡು ಹರಳಿನ ಬದಲು ಚೌಕದ ‘ಪ್ರಿನ್ಸೆಸ್’ ಆಕಾರವೋ ಹನಿಯಂಥ ‘ಪೇರ್’ ಆಕಾರವೋ ಆಗಿದ್ದರೆ ಮೂಲೆಗಳಿಗೆ ವಿ ಆಕಾರದ ರಕ್ಷೆ ಕಡ್ಡಾಯ ಎನ್ನುತ್ತಿದ್ದೆವು.

ಬೆಜೆಲ್ ಹಾಕಿದರೆ ಹೊಳಪು ಸಾಯುತ್ತದೆ ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಚೆನ್ನಾಗಿ ಕಡಿದ ವಜ್ರಕ್ಕೆ ಬೆಳಕು ಒಳಹೋಗುವುದೂ ಹೊರಬರುವುದೂ ಮುಖ್ಯವಾಗಿ ಮೇಲಿನಿಂದ. ಪಕ್ಕದ ಗೋಡೆಯಿಂದ ಆಗುವ ನಷ್ಟ ಕಣ್ಣಿಗೆ ಕಾಣುವುದು ಅಪರೂಪ. ನಿಜವಾಗಿ ಹೊಳಪು ಕೊಲ್ಲುವುದು ಹಿಂಬದಿ ಮುಚ್ಚಿದ ಕಟ್ಟು. ನಮ್ಮ ಅಜ್ಜಿಯಂದಿರ ವಜ್ರದ ಓಲೆಗಳಲ್ಲಿ ಇರುತ್ತಿದ್ದ ಕ್ಲೋಸ್ ಸೆಟ್ಟಿಂಗ್ ಕಿವಿಗೆ ಸರಿ, ದಿನಕ್ಕೆ ಹತ್ತಾರು ಸಲ ತೊಳೆಯುವ ಕೈಗೆ ಅಲ್ಲ. ಒಳಗೆ ಇಳಿದ ಸೋಪಿನ ನೀರು ಹೊರಬರದೆ ಹರಳು ಮಂಕಾಗಿಬಿಡುತ್ತದೆ. ಆದ್ದರಿಂದ ಬೆಜೆಲ್ ಇರಲಿ, ಹಿಂಬದಿ ತೆರೆದಿರಲಿ, ಬ್ರಶ್ಶಿನ ಎಳೆ ಕೆಳಗಿನಿಂದ ಹರಳಿಗೆ ತಾಗುವಷ್ಟು ಕಿಂಡಿ ಇರಲಿ.

ಬೆಜೆಲ್‌ಗೂ ಅದರದೇ ತೊಂದರೆಗಳಿವೆ. ಗೋಡೆಯನ್ನು ಹರಳಿನ ಮೇಲೆ ಒತ್ತುವಾಗ ಸೊಂಟ ತೀರಾ ತೆಳುವಿದ್ದರೆ ಚಕ್ಕೆ ಏಳಬಹುದು. ನಿಮ್ಮ ಸರ್ಟಿಫಿಕೇಟ್‌ನಲ್ಲಿ ‘ಗರ್ಡಲ್’ ಎಂಬ ಸಾಲು ನೋಡಿ; ‘ವೆರಿ ಥಿನ್’ ಅಥವಾ ‘ಎಕ್ಸ್‌ಟ್ರೀಮ್ಲಿ ಥಿನ್’ ಎಂದಿದ್ದರೆ ಹರಳು ಕೂರಿಸುವವರಿಗೆ ಮೊದಲೇ ತಿಳಿಸಿ. ಇನ್ನೊಂದು, ಮುಂದೆ ಹರಳು ಬದಲಾಯಿಸಬೇಕೆಂದರೆ ಬೆಜೆಲ್ ಕತ್ತರಿಸಿ ಹೊಸದೇ ಕಟ್ಟಬೇಕಾಗುತ್ತದೆ. ಎರಡು ಬದಿ ಮಾತ್ರ ಹಿಡಿಯುವ ಅರೆ ಬೆಜೆಲ್ ನೋಡಲು ಹಗುರ, ಆದರೆ ತೆರೆದ ಎರಡು ಬದಿಯಲ್ಲಿ ಸೊಂಟ ಬಯಲಿಗೆ ಬಿದ್ದಿರುತ್ತದೆ. ನಿಮಗೆ ಪೂರ್ತಿಯೇ ಇರಲಿ.

ಹುಡುಗನ ಹೇಲೋ ಆಸೆಯನ್ನು ಹೇಗೆ ಸಂಭಾಳಿಸುವುದು? 4.8 ಮಿಲಿಮೀಟರ್ ಹರಳಿನ ಸುತ್ತ ಒಂದು ಸುತ್ತು ಹೇಲೋ ಹಾಕಿದರೆ ತಲಾ ಒಂದು ಸೆಂಟಿನ, 1.3 ಮಿಲಿಮೀಟರ್ ಅಗಲದ 14-16 ವಜ್ರಗಳು ಬೇಕು. ಹೂವು 7.5 ಮಿಲಿಮೀಟರ್ ದಾಟಿ ಕಾಣುತ್ತದೆ. ಅದರ ಆಕರ್ಷಣೆಯೇ ಅದು. ಆದರೆ ಆ ಒಂದೊಂದು ಚೂರನ್ನೂ ಹಿಡಿದಿರುವುದು ರವೆ ಕಾಳಿಗಿಂತ ಸಣ್ಣ ಚಿನ್ನದ ಗುಬುಟು. ಜೋಳದ ಹಿಟ್ಟು ಆ ಸಂದಿಗಳಲ್ಲಿ ಕೂತು ಒಣಗಿದರೆ ಸಿಮೆಂಟು. ಅದನ್ನು ಪಿನ್ನಿನಿಂದ ಕೆದಕಿ ತೆಗೆಯುವಾಗಲೇ ಎಷ್ಟೋ ಸಣ್ಣ ಹರಳುಗಳು ಉದುರುವುದು. ಅಂಚಿನ ಒಂದು ಉದುರಿದರೆ ಪಕ್ಕದ ಎರಡರ ಹಿಡಿತವೂ ಸಡಿಲ. ಪಟ್ಟಿಯ ಉದ್ದಕ್ಕೂ ಸಣ್ಣ ಹರಳಿದ್ದರಂತೂ ಮುಂದೆ ಬೆರಳು ದಪ್ಪವಾದಾಗ ಅಳತೆ ಬದಲಿಸುವುದು ಕಷ್ಟ, ಸುತ್ತ ಪೂರ್ತಿ ಹರಳಿದ್ದರೆ ಆಗುವುದೇ ಇಲ್ಲ. ರಾಜಿ ಬೇಕಿದ್ದರೆ ಹೀಗೆ ಮಾಡಿಸಿ: ಬೆಜೆಲ್ ಗೋಡೆ 0.8 ಮಿಲಿಮೀಟರ್ ದಪ್ಪವಿರಲಿ, ಅಂಚಿಗೆ ಸಾಸಿವೆ ಸಾಲಿನಂಥ ಮಿಲ್‌ಗ್ರೇನ್ ಕೆಲಸವಿರಲಿ. ಹರಳು ಮತ್ತು ಅಂಚು ಸೇರಿ 6.4 ಮಿಲಿಮೀಟರ್ ಹೊಳೆಯುವ ದುಂಡಾಗುತ್ತದೆ. ಹೇಲೋದ ಅಬ್ಬರ ಇರುವುದಿಲ್ಲ, ಅದರ ಗಾತ್ರ ಬಹುಪಾಲು ಸಿಗುತ್ತದೆ.

ಅಮ್ಮನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಬಳೆ, ಸರ, ತಾಳಿಗೆ 22 ಕ್ಯಾರೆಟ್ಟೇ ಸರಿ. ಅವು ಒಡವೆಯೂ ಹೌದು, ಕಷ್ಟಕಾಲದ ಗಂಟೂ ಹೌದು. ಹರಳು ಹಿಡಿಯುವ ಕೆಲಸಕ್ಕೆ ಮಾತ್ರ ಅದು ಮೆತ್ತಗೆ. 22 ಕ್ಯಾರೆಟ್ ಎಂದರೆ ಸಾವಿರಕ್ಕೆ 916 ಭಾಗ ಅಪರಂಜಿ, 18 ಎಂದರೆ 750. ಉಳಿದ ಬೆಳ್ಳಿ ತಾಮ್ರವೇ ಗಡಸುತನ ಕೊಡುವುದು. ಅಮ್ಮನಿಗೆ ಈ ಲೆಕ್ಕ ತೋರಿಸಿ: 4 ಗ್ರಾಂ ಉಂಗುರ 22ರಲ್ಲಿ ಮಾಡಿಸಿದರೆ 3.66 ಗ್ರಾಂ ಅಪರಂಜಿ, 18ರಲ್ಲಿ 3 ಗ್ರಾಂ. ವ್ಯತ್ಯಾಸ 0.66 ಗ್ರಾಂ, ಅದಕ್ಕಾಗಿ ವಜ್ರವನ್ನು ಅಪಾಯಕ್ಕೊಡ್ಡುವುದು ಲಾಭದ ಮಾತಲ್ಲ. ಇಷ್ಟು ಹೇಳಿಯೂ ಅವರು ಒಪ್ಪದಿದ್ದರೆ ಜಗಳ ಬೇಡ. 22 ಕ್ಯಾರೆಟ್‌ನಲ್ಲೂ ತಾಳಿಕೊಳ್ಳಬಲ್ಲ ಕಟ್ಟು ಎಂದರೆ ದಪ್ಪ ಗೋಡೆಯ ಪೂರ್ತಿ ಬೆಜೆಲ್ಲೇ. ಗೋಡೆ 1 ಮಿಲಿಮೀಟರ್, ಪಟ್ಟಿ 2 ಮಿಲಿಮೀಟರ್ ದಪ್ಪ ಇಡಿಸಿ. ಪ್ರಾಂಗ್‌ಗೂ ಹೇಲೋಗೂ 22 ಬೇಡ.

ಬಿಳಿ ಚಿನ್ನ ನಿಮ್ಮ ವಿಷಯದಲ್ಲಿ ಎರಡು ಕಾರಣಕ್ಕೆ ಹೊಂದುವುದಿಲ್ಲ. ಅದರ ಬೆಳ್ಳಿ ಹೊಳಪು ಬಹುತೇಕ ಮೇಲೆ ಕೊಟ್ಟ ರೋಡಿಯಂ ಲೇಪದ್ದು. ಕೈ ಮತ್ತೆ ಮತ್ತೆ ತೊಳೆದು ಉಜ್ಜುವವರಲ್ಲಿ ಅದು ಒಂದೆರಡು ವರ್ಷದಲ್ಲಿ ಸವೆದು ಒಳಗಿನ ನಸುಹಳದಿ ಇಣುಕುತ್ತದೆ, ಮತ್ತೆ ಲೇಪ ಕೊಡಿಸುತ್ತಲೇ ಇರಬೇಕು. ಎರಡನೆಯದು ನಿಮ್ಮ ಹರಳಿನ ಬಣ್ಣ. ‘ಜೆ’ ಎಂದರೆ ತೀರಾ ಸಣ್ಣ ಹಳದಿ ಛಾಯೆ. ಬಿಳಿ ಲೋಹದ ನಡುವೆ ಕೂತರೆ ಅದು ಎದ್ದು ಕಾಣುತ್ತದೆ, ಹಳದಿ ಚಿನ್ನದ ನಡುವೆ ಕೂತರೆ ಹರಳೇ ಬೆಳ್ಳಗೆ ಕಾಣುತ್ತದೆ. ಬಿಳಿಯೇ ಬೇಕಿದ್ದರೆ ಪ್ಲಾಟಿನಂ 950 ಒಳ್ಳೆಯ ಲೋಹ, ಲೇಪ ಬೇಡ, ಪ್ರಾಂಗ್‌ಗೆ ಗಟ್ಟಿ. ಶುದ್ಧ ಪ್ಲಾಟಿನಂ ಕರಗುವುದು 1768 ಡಿಗ್ರಿ ಸೆಲ್ಸಿಯಸ್‌ನಲ್ಲಾದ್ದರಿಂದ ಅಳತೆ ಬದಲಿಸಲು, ದುರಸ್ತಿಗೆ ಊರಿನ ಎಲ್ಲ ಅಕ್ಕಸಾಲಿಗರೂ ಒಪ್ಪುವುದಿಲ್ಲ, ಅಷ್ಟು ನೆನಪಿರಲಿ.

ಹರಳು ನಿಮ್ಮದೇ ಆದ್ದರಿಂದ ಕೊಡುವಾಗಲೂ ತೆಗೆದುಕೊಳ್ಳುವಾಗಲೂ ಒಂದು ಶಿಸ್ತು ಬೇಕು. ಸರ್ಟಿಫಿಕೇಟ್ ಸಂಖ್ಯೆಯನ್ನು ಹರಳಿನ ಸೊಂಟದ ಮೇಲೆ ಲೇಸರ್‌ನಿಂದ ಬರೆದಿದ್ದರೆ ಹತ್ತು ಪಟ್ಟಿನ ಲೂಪ್‌ನಲ್ಲಿ ಅಂಗಡಿಯವರ ಎದುರೇ ಓದಿ, ಹರಳನ್ನು ತೂಗಿಸಿ, ಸಂಖ್ಯೆ ಮತ್ತು ತೂಕ ಎರಡನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ. ಪೂರ್ತಿ ಬೆಜೆಲ್ ಕಟ್ಟಿದ ಮೇಲೆ ಆ ಬರಹ ಗೋಡೆಯ ಹಿಂದೆ ಮರೆಯಾಗುತ್ತದೆ. ಆದ್ದರಿಂದ ಕೂರಿಸುವ ಹೊತ್ತಿಗೆ ಒಮ್ಮೆ ಹೋಗಿ, ಗೋಡೆ ಮಡಿಸುವ ಮೊದಲು ನೋಡುವುದಾದರೆ ಉತ್ತಮ. ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ ಬೇರೆಯಾಗಿರಬೇಕು. 40 ಸೆಂಟ್ ಎಂದರೆ 0.08 ಗ್ರಾಂ, ಉಂಗುರದ ಒಟ್ಟು ತೂಕದಿಂದ ಅಷ್ಟು ಕಳೆದದ್ದೇ ಚಿನ್ನ. ಉಂಗುರದ ಒಳಮೈಯಲ್ಲಿ ಹಾಲ್‌ಮಾರ್ಕ್ ಇರಬೇಕು, ಅಂದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಚಿಹ್ನೆ, 18ಕೆ750 ಎಂಬ ಶುದ್ಧತೆ, ಆ ಒಡವೆಗಷ್ಟೇ ಸೇರಿದ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆಯಾದ ಎಚ್‌ಯುಐಡಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. 2 ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ; ತೀರಾ ಹಗುರದ ಉಂಗುರ ಬೇಡ ಎನ್ನಲು ಇದೂ ಒಂದು ಕಾರಣ.

ಬೆರಳ ಅಳತೆಯನ್ನು ಸಂಜೆ ಕೊಡಿ, ಬೆಳಿಗ್ಗೆ ಬೆರಳು ಸಣ್ಣಗಿರುತ್ತದೆ. ದಾರ ಸುತ್ತಿ ಅಳೆಯಬೇಡಿ, ದಾರ ಎಳೆದಂತೆ ಹಿಗ್ಗುತ್ತದೆ. ಅಂಗಡಿಯ ಅಳತೆ ಉಂಗುರಗಳಲ್ಲಿ ನಿಮ್ಮ ಪಟ್ಟಿಯಷ್ಟೇ ಅಗಲದ್ದನ್ನು ಹಾಕಿ ನೋಡಿ, ಗೆಣ್ಣು ದಾಟುವಾಗ ಸ್ವಲ್ಪ ತಡೆದು ದಾಟಬೇಕು. ನಂಬರ್ ಜೊತೆಗೆ ಒಳವ್ಯಾಸವನ್ನೂ ಮಿಲಿಮೀಟರ್‌ನಲ್ಲಿ ಬರೆಸಿ, 16.5 ಮಿಲಿಮೀಟರ್ ವ್ಯಾಸವಾದರೆ ಒಳಸುತ್ತು 51.8 ಮಿಲಿಮೀಟರ್. ನಿಮ್ಮ ಉಂಗುರ ಪದೇ ಪದೇ ಹಾಕಿ ತೆಗೆಯುವಂಥದ್ದಾದ್ದರಿಂದ ಪಟ್ಟಿಯ ಒಳಮೈ ಸಪಾಟಾಗಿರದೆ ನಸು ಉಬ್ಬಿರಲಿ. ಅದಕ್ಕೆ ಕಂಫರ್ಟ್ ಫಿಟ್ ಎಂದರೆ ಅವರಿಗೆ ತಿಳಿಯುತ್ತದೆ. ಪಟ್ಟಿಯ ಅಗಲ 2.2, ದಪ್ಪ 1.7 ಮಿಲಿಮೀಟರ್ ಸಾಕು. ಕೆಳಭಾಗ 1.5ಕ್ಕಿಂತ ತೆಳುವಾದರೆ ಹಿಡಿಕೆ, ಸಿಲಿಂಡರ್ ಹಿಡಿದಾಗ ಸೊಟ್ಟಗಾಗುತ್ತದೆ, ಪಟ್ಟಿ ಸೊಟ್ಟಗಾದರೆ ಮೇಲೆ ಹರಳೂ ಸಡಿಲ.

ರೊಟ್ಟಿ ಬಡಿಯುವಾಗಲೂ ತೆಗೆದಿಡಿ. ವಜ್ರಕ್ಕೆ ಜಿಡ್ಡೆಂದರೆ ಬಲು ಪ್ರೀತಿ, ಎಣ್ಣೆ ಹಚ್ಚಿದ ಕೈ ತಾಗಿದರೂ ಅಂಟಿಸಿಕೊಳ್ಳುತ್ತದೆ. ವಾರಕ್ಕೊಮ್ಮೆ ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ ಕಾಲು ಗಂಟೆ ನೆನೆಸಿ, ಮೆದು ಬ್ರಶ್ಶಿನಿಂದ ಕೆಳಗಿನಿಂದ ಉಜ್ಜಿ, ಚಹಾ ಸೋಸುವ ಜಾಲರಿಯಲ್ಲಿಟ್ಟು ತೊಳೆಯಿರಿ. ಟೂತ್‌ಪೇಸ್ಟ್ ಬೇಡವೆಂದು ದಂತವೈದ್ಯರಿಗೆ ನಾವು ಹೇಳಬೇಕಿಲ್ಲ, ಅದರಲ್ಲಿರುವ ಉಜ್ಜುವ ಪುಡಿ ಚಿನ್ನವನ್ನು ಗೀಚುತ್ತದೆ. ಕ್ಲಿನಿಕ್‌ನಲ್ಲಿರುವ ಅಲ್ಟ್ರಾಸಾನಿಕ್ ಕ್ಲೀನರ್‌ಗೆ ಹಾಕುವ ಆಸೆ ಬರಬಹುದು. ಸಡಿಲವಾದ ಹರಳನ್ನು ಆ ಕಂಪನ ಇನ್ನಷ್ಟು ಸಡಿಲಿಸುತ್ತದೆ, ಮೇಲಾಗಿ ಬಳಸಿದ ಉಪಕರಣಗಳು ಮುಳುಗಿದ ತೊಟ್ಟಿ ಅದು.

ಹುಡುಗನ ಉಂಗುರ ಸುಲಭ. 5 ಮಿಲಿಮೀಟರ್ ಅಗಲ, 1.8 ದಪ್ಪದ 18 ಕ್ಯಾರೆಟ್ ಪಟ್ಟಿ, ಅದರಲ್ಲಿ 3 ಸೆಂಟಿನ ಒಂದು ವಜ್ರ ಹುದುಗಿರಲಿ. 2 ಮಿಲಿಮೀಟರ್ ಅಗಲದ ಹರಳಿಗೆ ಅಷ್ಟು ದಪ್ಪ ಬೇಕೇ ಬೇಕು. ಆದರೆ ತಿರುಗುವ ಯಂತ್ರದ ಹತ್ತಿರ ಅದೂ ಬೇಡ. ಉಂಗುರ ಸಿಕ್ಕಿಕೊಂಡರೆ ಬೆರಳಿನ ಚರ್ಮವೇ ಸುಲಿದು ಬರುವಂಥ ಗಾಯವಾಗುತ್ತದೆ. ಕಾರ್ಖಾನೆಗೆ ಜಗ್ಗಿದರೆ ಹರಿಯುವ ಸಿಲಿಕೋನ್ ಉಂಗುರ ಹಾಕಿಕೊಳ್ಳಲಿ. ಟಂಗ್‌ಸ್ಟನ್ ಉಂಗುರ ಗೀಚುವುದಿಲ್ಲವೆಂದು ಮಾರುತ್ತಾರೆ. ಅದರ ಅಳತೆ ಎಂದೂ ಬದಲಾಗದು, ಕಲ್ಲಿನ ಮೇಲೆ ಬಿದ್ದರೆ ಒಡೆಯಲೂಬಹುದು.

ಎರಡು ತಿಂಗಳಿದೆ ಎಂದಿರಿ, ಈ ವಾರವೇ ಆರ್ಡರ್ ಕೊಡಿ. ಕಂಪ್ಯೂಟರ್ ಚಿತ್ರ, ಅಚ್ಚು, ಎರಕ, ಹರಳು ಕೂರಿಸುವುದು, ಪಾಲಿಶ್, ಹಾಲ್‌ಮಾರ್ಕ್ ಸೇರಿ ಮೂರು ನಾಲ್ಕು ವಾರ ಹಿಡಿಯುತ್ತದೆ, ಅಳತೆ ತಪ್ಪಿದರೆ ಇನ್ನೊಂದು ವಾರ. ಎರಕಕ್ಕೆ ಮೊದಲು ಮೇಣದ ಅಚ್ಚನ್ನು ಕೇಳಿ ನೋಡಿ, ಎತ್ತರವನ್ನು ಸ್ಕೇಲಿನಲ್ಲಿ ಅಳೆದುಕೊಳ್ಳಿ. ಉಂಗುರ ತರಲು ಹೋಗುವ ದಿನ ಕ್ಲಿನಿಕ್‌ನಿಂದ ಒಂದು ಜೊತೆ ಲೇಟೆಕ್ಸ್ ಗ್ಲೌಸ್ ಒಯ್ಯಿರಿ. ಕೆಲಸಕ್ಕೆ ಹಾಕಲಲ್ಲ, ಪರೀಕ್ಷೆಗೆ: ಉಂಗುರದ ಮೇಲೆ ಐದು ಸಲ ಗ್ಲೌಸ್ ಎಳೆದು ತೆಗೆಯಿರಿ. ಅಂಚಿನಲ್ಲಿ ಎಲ್ಲಿ ಚೂಪು ಉಳಿದಿದ್ದರೂ ರಬ್ಬರ್ ಅಲ್ಲೇ ಹರಿಯುತ್ತದೆ. ಹರಿದರೆ ಬಾಕಿ ಹಣ ಕೊಡುವ ಮೊದಲೇ ಉಂಗುರವನ್ನು ಮತ್ತೆ ಪಾಲಿಶ್‌ಗೆ ಕೊಡಿ.